ಅರೆಯಾಳುಗಳಿಗೆ ಹೆಸರಿಡುತ್ತಿದ್ದ ಆಚಾರ್ರು

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ಅರವತ್ತೊಂದರಲ್ಲಿ, ಸಿರುಗುಪ್ಪದ ಹತ್ತಿರದ ರಾರಾವಿಯಲ್ಲಿ, ಏಳನೇ ಕ್ಲಾಸು ಮುಗಿಯುವ ಮೊದಲೇ. ಬಡತನ ಬಿಡಿಸಿತು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ಬಡತನ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಬಿಡಿಸಿದ್ದು ನನ್ನ ಹೆಸರು.

ರಾರಾವಿಯ ನಮ್ಮ ಮನೆಯಲ್ಲಿ ನನಗಿಂತ ಮೊದಲು ಹುಟ್ಟಿದ ಇಬ್ಬರು ಉಳಿಯಲಿಲ್ಲ. ಮೂರನೆಯವನು ನಾನು ಹುಟ್ಟಿದಾಗ ನಮ್ಮವ್ವ ನನ್ನನ್ನು ಒಯ್ದು ತಿಪ್ಪೆಯ ಮೇಲೆ ಮಲಗಿಸಿ ಬಂದಳಂತೆ. ಪಕ್ಕದ ಮನೆಯ ಮುದುಕಿ ಎತ್ತಿಕೊಂಡು ಬಂದು, "ತಿಪ್ಪಿ ಮ್ಯಾಲ ಸಿಕ್ಕೈತವ್ವಾ, ಬೇಕಾದ್ರ ನೀ ಸಾಕ್ಕೋ" ಎಂದು ತಿರುಗಿ ಕೊಟ್ಟಳಂತೆ. ಕಸದಲ್ಲಿ ಬಿದ್ದದ್ದರ ಮೇಲೆ ಸಾವಿನ ಕಣ್ಣು ಬೀಳುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಹಾಗಾಗಿ ನಾನು ತಿಪ್ಪಣ್ಣ. ಶಾಲೆಯಲ್ಲಿ ಹೆಡ್‌ಮಾಸ್ತರರು ಒಂದು ದಿನ, ಇನ್‌ಸ್ಪೆಕ್ಟರು ಬರುತ್ತಾರೆ, ಇಂಥ ಹೆಸರು ಕೂಗಲಿಕ್ಕೆ ನಾಚಿಕೆ, ತ್ರಿಪುರಾಂತಕ ಎಂದು ಬರೆಯುತ್ತೇನೆ ಎಂದರು. ನಮ್ಮವ್ವ ಗದ್ದೆಯಿಂದ ಕೆಸರುಗಾಲಲ್ಲೇ ಬಂದಳು.

"ಹೆಸರು ಬದ್ಲು ಮಾಡಬ್ಯಾಡ್ರಿ ಮಾಸ್ತರ. ಅದ್ರಿಂದನ ಹುಡುಗ ಉಳದೈತಿ."

"ಹಂಗಾರ ತಿಪ್ಪಿ ಮ್ಯಾಲ ಕುಂದ್ರಸು ಹೋಗವಾ, ಸಾಲಿಗೆ ಯಾಕ ಕಳಸ್ತಿ?" ಎಂದರು ಅವರು. ಇಡೀ ಕ್ಲಾಸು ನಕ್ಕಿತು. ಮರುದಿನದಿಂದ ನಾನು ಸಿರುಗುಪ್ಪದ ಅಕ್ಕಿ ಮಿಲ್ಲಿಗೆ ಹೋದೆ. ಮಿಲ್ಲಿನ ಯಂತ್ರಗಳು ನನ್ನ ಹೆಸರು ಕೇಳಿ ನಗಲಿಲ್ಲ. ಅವುಗಳ ರಿಪೇರಿ ಕಲಿತೆ, ಬಳ್ಳಾರಿಗೆ ಬಂದೆ, ಕೌಲಬಜಾರಿನಲ್ಲಿ ಕಬ್ಬಿಣ ಕಡೆಯುವ ನನ್ನದೇ ಲೇತು ಹಾಕಿದೆ.

ಇಷ್ಟನ್ನು ಹೇಳಿಕೊಂಡದ್ದು ನನ್ನ ಬಗ್ಗೆ ಬರೆಯಲಿಕ್ಕಲ್ಲ. ನಾನು ಬರೆಯಹೊರಟ ಮನುಷ್ಯರೂ ಆ ನಗುವವರ ಪೈಕಿಯೇ. ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಬ್ಯಾಂಕಿನವರು, ಓಣಿಯವರು ಎಲ್ಲ ಅವರನ್ನು ದೊಡ್ಡ ಮನುಷ್ಯರು ಎನ್ನುತ್ತಾರೆ. ಇರಬಹುದು. ನಾವು ಅವರನ್ನು ಆಚಾರ್ರು ಎನ್ನುತ್ತಿದ್ದೆವು. ಹೆಸರಿನ ವಿಷಯದಲ್ಲಿ ಅಷ್ಟು ಬೀಗುತ್ತಿದ್ದವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಷ್ಟಾದರೂ ಸೇಡು ನನಗಿರಲಿ.

ಎಂಬತ್ತನಾಲ್ಕರ ಸುಮಾರಿಗೆ ಮೊದಲ ಸಲ ನನ್ನ ಅಂಗಡಿಗೆ ಬಂದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಿಸಿಲಿಗೊಂದು ಕೊಡೆ, ಕಬ್ಬಿಣದ ಪುಡಿ ತಾಗೀತೆಂದು ಎತ್ತಿ ಹಿಡಿದ ಪಂಚೆ.

"ನೀವೇ ಏನ್ರೀ ಲೇತಿನವ್ರು? ಹೆಸರೇನು?"

"ತಿಪ್ಪಣ್ಣ ರಿ."

ಅವರದೊಂದು ಅಭ್ಯಾಸವಿತ್ತು. ಯಾವುದೇ ಹೆಸರು ಕಿವಿಗೆ ಬಿದ್ದರೂ ಬಲಗೈಯನ್ನು ಬೊಗಸೆಯಂತೆ ಮಾಡಿ, ಅದರಲ್ಲಿ ಬಂಗಾರವಿದೆಯೇನೋ ಎಂಬಂತೆ ಮೇಲೆ ಕೆಳಗೆ ತೂಗಿ, ಕಣ್ಣು ಸಣ್ಣ ಮಾಡಿ ತೀರ್ಪು ಕೊಡುತ್ತಿದ್ದರು. ನನ್ನ ಹೆಸರನ್ನೂ ತೂಗಿದರು.

"ತಿಪ್ಪಣ್ಣ... ಹಗುರ ಅದಲ್ರೀ."

"ತೂಕಕ್ಕ ಮೈ ಐತಲ್ರಿ ಆಚಾರ್ರೇ," ಎಂದೆ. ಅವರು ನಗಲಿಲ್ಲ. ತಮ್ಮ ಮಾತಿಗೆ ಬಿಟ್ಟರೆ ಬೇರೆಯವರ ಮಾತಿಗೆ ಅವರು ನಕ್ಕದ್ದನ್ನು ನಾನು ಕಂಡಿಲ್ಲ.

ಕಿಸೆಯಿಂದ ಒಂದು ದಾಳ ತೆಗೆದು ತೋರಿಸಿದರು. ಪಗಡೆಯ ದಾಳವಲ್ಲ, ಪ್ಲಾಸ್ಟಿಕ್ಕಿನದು, ಇಪ್ಪತ್ತು ಮುಖದ್ದು. ಇಂಥದ್ದೇ ಇನ್ನೊಂದು ಚರಂಡಿಗೆ ಬಿದ್ದು ಹೋಗಿದೆ, ಹಿತ್ತಾಳೆಯಲ್ಲಿ ಮಾಡಿಕೊಡಿ ಎಂದರು. ಯಾವ ಮೆಷೀನಿಂದ್ರಿ ಇದು ಎಂದು ಕೇಳಿದೆ. ಮೆಷೀನಿಂದಲ್ಲ, ಆಟದ್ದು ಎಂದರು. ನಾನು ನಕ್ಕೆ. ಐವತ್ತು ದಾಟಿದ ಬ್ಯಾಂಕಿನ ಹೆಡ್ ಕ್ಲಾರ್ಕು ಕೊಡೆ ಹಿಡಿದು ಆಟದ ಸಾಮಾನು ಮಾಡಿಸಲಿಕ್ಕೆ ಬಂದರೆ ಯಾರು ನಗುವುದಿಲ್ಲ? ಲೇತಿನಲ್ಲಿ ದುಂಡಗಿನದು ಮಾಡಬಹುದು, ಇಪ್ಪತ್ತು ಮುಖ ಬರುವುದಿಲ್ಲ. ಅರದಿಂದ ಉಜ್ಜಿ ಉಜ್ಜಿ ಏನೋ ಮಾಡಿಕೊಟ್ಟೆ. ಒಂದು ಕಡೆ ಸ್ವಲ್ಪ ಭಾರವಾಯಿತು. ಬೆಳಕಿಗೆ ಹಿಡಿದು ನೋಡಿ, "ಓರೆ ಅದ" ಎಂದರು, ಆದರೂ ಒಯ್ದರು.

ಆಟದ ಸಂಗತಿ ಹೀಗೆ. ಅವರ ಹೆಂಡತಿಯ ತಮ್ಮ ಹಡಗಿನಲ್ಲಿ ಕೆಲಸಕ್ಕಿದ್ದ. ಯಾವುದೋ ಬಂದರಿನಲ್ಲಿ ಕೊಂಡ ಒಂದು ಪೆಟ್ಟಿಗೆಯನ್ನು ಅಕ್ಕನ ಮನೆಯಲ್ಲಿ ಬಿಟ್ಟು ಹೋಗಿದ್ದ. ಒಳಗೆ ಒಂದು ಇಂಗ್ಲಿಷ್ ಪುಸ್ತಕ, ಥರಾವರಿ ದಾಳ. ಹಾಸಿಲ್ಲ, ಕಾಯಿಲ್ಲ. ಒಬ್ಬರು ಅಡ್ಡಲಾಗಿ ರಟ್ಟು ನಿಲ್ಲಿಸಿಕೊಂಡು ಅದರ ಹಿಂದೆ ಕೂತು ಕಥೆ ಹೇಳುತ್ತಾರೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗುತ್ತಾರೆ. 'ಮುಂದೆ ಗವಿ ಇದೆ, ಏನು ಮಾಡುತ್ತೀರಿ?' ಎಂದು ರಟ್ಟಿನ ಹಿಂದಿನಿಂದ ಕೇಳುತ್ತಾರೆ. ಒಳಗೆ ಹೋಗುತ್ತೇನೆ ಎಂದರೆ ದಾಳ ಉರುಳಿಸಬೇಕು. ಹೆಚ್ಚು ಬಿದ್ದರೆ ಬದುಕಿದ; ಕಡಿಮೆ ಬಿದ್ದರೆ ಸತ್ತ. ಸತ್ತರೆ ಆ ಹೆಸರೂ ಅವನ ಜೊತೆಗೇ ಹೋಯಿತು; ಹೊಸ ಆಳಿಗೆ ಹೊಸ ಹೆಸರಿಡಬೇಕು.

ಬ್ಯಾಂಕಿನಲ್ಲಿ ಯಾರೂ ಇದಕ್ಕೆ ಕೂರಲಿಲ್ಲ. ಅಲ್ಲಿನವರು ಅವರಷ್ಟೇ ಓದಿದವರು, ಅವರಿಂದ ಹೇಳಿಸಿಕೊಳ್ಳಬೇಕಾದ ಗರಜು ಯಾರಿಗೂ ಇರಲಿಲ್ಲ. ಅದಕ್ಕೇ ನಮ್ಮನ್ನು ಹಿಡಿದರು. ನಾನು, ಔಷಧದ ಅಂಗಡಿಯ ಖಾಸೀಮ, ಒಣಮೆಣಸಿನಕಾಯಿ ವ್ಯಾಪಾರದ ಬಸವರಾಜ. ಭಾನುವಾರ ಮಧ್ಯಾಹ್ನ ಲೇತು ಬಂದ್ ಇರುತ್ತದೆ. ಅಂಗಡಿಯ ಮಾಳಿಗೆ ಮೇಲಿನ ಕೋಣೆಯಲ್ಲಿ ಆಟ. ಬ್ರೂಸ್‌ಪೇಟೆಯ ತಮ್ಮ ಮನೆಯಲ್ಲಿ ಏಕಲ್ಲ ಎಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಅಲ್ಲಿ ನಮ್ಮ ಮೂವರ ಕಾಲು ಜಗಲಿ ದಾಟುತ್ತಿರಲಿಲ್ಲ. ನನ್ನ ಕುರ್ಚಿಯ ಮೇಲೆ ಪೇಪರು ಹಾಸಿ ಕೂರುವರು. ನನ್ನ ಹೆಂಡತಿ ಗಂಗಮ್ಮ ಕೆಳಗಿನ ಮನೆಯಿಂದ ಚಹಾ ಕಳಿಸಿದರೆ, "ನನಗ ಅಭ್ಯಾಸ ಇಲ್ಲ" ಎಂದು ತಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುವರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿದರೆ ಮೂಗು ತಿರುವುವರು, ಹೋಗುವಾಗ ಮಾತ್ರ "ಉಳದದ್ದು ಕೆಡತದ" ಎಂದು ಕಾಗದದಲ್ಲಿ ಕಟ್ಟಿಸಿಕೊಳ್ಳುವರು. ಮಿರ್ಚಿಗೆ ಇಲ್ಲದ ಮೈಲಿಗೆ ಚಹಾಕ್ಕೆ ಹೇಗೆ ಬಂತು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಆ ಆಟದಲ್ಲಿ ಕತ್ತಿ ಹಿಡಿಯುವವರಿದ್ದರು, ಮಂತ್ರ ಹಾಕುವವರಿದ್ದರು. ನಮಗೆ ಅವನ್ನು ಕೊಡಲಿಲ್ಲ. ಮನುಷ್ಯರ ಅರ್ಧ ಎತ್ತರದ ಒಂದು ಜಾತಿಯಿತ್ತು. ಸದ್ದಿಲ್ಲದೆ ನಡೆಯುವವರು, ಮನೆ ಬಿಟ್ಟು ಹೋಗಲಿಕ್ಕೆ ಒಲ್ಲದವರು, ದಿನಕ್ಕೆ ಐದಾರು ಸಲ ಉಣ್ಣುವವರು. ಆಚಾರ್ರು ಅವರಿಗೆ ಅರೆಯಾಳು ಎಂದು ಕನ್ನಡ ಮಾಡಿದ್ದರು.

"ಮೊದಲಿಗೆ ನಿಮಗ ಅರೆಯಾಳೇ ಸಾಕು," ಎಂದರು. ಮೊದಲಿಗೆ ಎಂದದ್ದು ಕೊನೆಯವರೆಗೂ ಅದೇ ಆಯಿತು.

ಅರೆಯಾಳಿಗೆ ಹೆಸರಿಡುವುದರಲ್ಲೇ ಎರಡು ಭಾನುವಾರ ಹೋದವು. ಅದರಲ್ಲಿ ಅವರಿಗಿದ್ದ ಮಡಿ ಪೂಜೆಯಲ್ಲೂ ಇರಲಿಕ್ಕಿಲ್ಲ. ಹೆಸರಿಗೆ ಎರಡು ಭಾಗ ಬೇಕು. ಮೊದಲನೆಯದು ಹೆತ್ತವರು ಇಟ್ಟದ್ದು, ಮೆತ್ತಗಿರಬೇಕು, ಹೂವಿನಂತೆ. ಎರಡನೆಯದು ಮನೆತನದ್ದು, ಆ ಮನೆಯವರು ಯಾವುದಕ್ಕೆ ಹೆಸರಾದವರೋ ಅದರಿಂದ ಬರಬೇಕು. ಜೇನು, ಪೀಪಾಯಿ, ಗುಡ್ಡ, ಒಲೆ, ಹೀಗೆ. ಸತ್ತವನ ಹೆಸರು ತಿರುಗಿ ಇಡಬಾರದು. ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಊಟದ್ದು.

"ಅರೆಯಾಳು ಅಂದ್ರ ಊಟಕ್ಕ ಹುಟ್ಟಿದ ಮಂದಿ," ಎನ್ನುವರು. "ತಾಯಿ ಬಾಗಲಾಗ ನಿಂತು ಊಟಕ್ಕ ಕರದ್ರ ಆ ಹೆಸರು ಹ್ಯಾಂಗ ಕೇಳಸ್ತದ, ಅದನ್ನ ನೋಡಬೇಕು. ಕರಿಯಲಿಕ್ಕೆ ಬರದ ಹೆಸರು ಹೆಸರೇ ಅಲ್ಲ."

ಹೀಗೆಂದು ಎದ್ದು ಮಾಳಿಗೆಯ ಅಂಚಿಗೆ ಹೋಗಿ, ಕೌಲಬಜಾರಿನ ಹಾಡಹಗಲ ರಸ್ತೆಗೆ ಮುಖ ಮಾಡಿ, "ರಾಡ್ರಿಕ್ ಹನಿಬ್ಯಾರೆಲ್! ಊಟಕ್ಕ ಬಾ!" ಎಂದು ಕೂಗಿದರು. ಕೆಳಗೆ ಹೋಗುತ್ತಿದ್ದ ಜಟಕಾದವನು ತಲೆಯೆತ್ತಿ, "ನಂದು ಊಟ ಆತ್ರಿ ಸ್ವಾಮೇರ!" ಎಂದ. ಬಸವರಾಜ ನಕ್ಕು ನಕ್ಕು ನೆಲಕ್ಕೆ ಕೂತ. ಆಚಾರ್ರು ಒಳಗೆ ಬಂದು ಕೈ ತೂಗಿ, "ತೂಕ ಅದ" ಎಂದರು. ಕಥೆ ಹೇಳುವವರಾದರೂ ತಮಗೂ ಒಬ್ಬ ಅರೆಯಾಳನ್ನು ಮಾಡಿಕೊಂಡು ಆ ಹೆಸರನ್ನು ಅವನಿಗೇ ಇಟ್ಟುಕೊಂಡರು.

ಮನೆತನದ ಹೆಸರಿನ ಮಾತು ಬಂದಾಗ ಬಸವರಾಜನಿಗೆ ಹುರುಪು ಬಂತು.

"ನಮ್ಮ ಅಡ್ಡೆಸರು ಮೆಣಸಿನಕಾಯಿ ಐತ್ರಿ. ನಮ್ಮ ಬೀಗರು ಉಳ್ಳಾಗಡ್ಡಿಯವರು. ಅತ್ತಿಮನಿಯವರು ಬೆಲ್ಲದವರು. ಅಂದ್ರ ನಾವೆಲ್ಲ ಅರೆಯಾಳುಗಳ ಏನ್ರಿ?"

"ನೋಡಾಕಂತೂ ಹಂಗ ಅದೀಯಲ್ಲೋ ಲೇ," ಎಂದ ಖಾಸೀಮ. ಬಸವರಾಜ ಗಿಡ್ಡ.

"ಅದು ಬೇರೆ, ಇದು ಬೇರೆ," ಎಂದರು ಆಚಾರ್ರು. "ಇದಕ್ಕೊಂದು ಪದ್ಧತಿ ಅದ. ನಿಮ್ಮದು ಸಂತಿ ಹೆಸರು."

ಇಂಗ್ಲಿಷಿನವನ ಮನೆಯ ಜೇನಿನ ಪೀಪಾಯಿ ಪದ್ಧತಿ. ನಮ್ಮವನ ಮನೆಯ ಮೆಣಸಿನಕಾಯಿ ಸಂತೆ. ಹೀಗಿತ್ತು ಅವರ ತಕ್ಕಡಿ. ಬಸವರಾಜನ ಅರೆಯಾಳಿಗೆ ಪುಸ್ತಕ ನೋಡಿ ಮಾರ್ಟಿನ್ ಬಟರ್‌ಲೀಫ್ ಎಂದಿಟ್ಟರು. ಅವನು ಮೂರನೇ ಭಾನುವಾರ ಜೇಡದ ಬಾಯಿಗೆ ಹೋದ. ನನ್ನವನಿಗೂ ಅಂಥದ್ದೇನೋ ಇಟ್ಟಿದ್ದರು. ನನ್ನ ನಾಲಿಗೆ ಪಳಗುವ ಮೊದಲೇ ಹೊಳೆಯಲ್ಲಿ ಮುಳುಗಿದ.

ಒಂದು ಮಾತು ಒಪ್ಪಬೇಕು. ಕಥೆ ಹೇಳುವಾಗ ಆ ಮನುಷ್ಯ ಬೇರೆಯೇ ಆಗುತ್ತಿದ್ದರು. ರಟ್ಟಿನ ಹಿಂದಿನಿಂದ ಕತ್ತಲು, ತೇವದ ಗೋಡೆ, ದೂರದಲ್ಲಿ ಯಾರೋ ಉಸಿರಾಡುವುದು ಎಂದು ದನಿ ತಗ್ಗಿಸಿದರೆ, ಹೊರಗೆ ಬಳ್ಳಾರಿಯ ಬೆಂಕಿಬಿಸಿಲಿದ್ದರೂ ಬೆನ್ನು ತಣ್ಣಗಾಗುತ್ತಿತ್ತು. ಅದಕ್ಕೇ ನಾವು ಬಿಡದೆ ಕೂತದ್ದು. ಆಟ ಚೆನ್ನಾಗಿತ್ತು. ಆಡಿಸುವವರ ಮೂಗು ಅಷ್ಟು ಉದ್ದವಿರದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು.

ಅವರ ಮಗಳ ವಿಷಯ ನಮಗೆ ತಿಳಿದದ್ದು ಖಾಸೀಮನಿಂದ. ಒಬ್ಬಳೇ ಮಗಳು, ಆದವಾನಿಗೆ ಕೊಟ್ಟಿದ್ದರು. ಅವಳಿಗೆ ಎರಡು ಸಲ ಹೆರಿಗೆಯಾಗಿ ಎರಡೂ ಕೂಸು ತಿಂಗಳು ತುಂಬುವ ಮೊದಲೇ ಹೋಗಿದ್ದವು. ಈಗ ಮೂರನೆಯ ಬಸುರಿ, ತವರಿಗೆ ಬಂದಿದ್ದಳು. ಅವಳ ಟಾನಿಕ್ಕು, ಗುಳಿಗೆ ಎಲ್ಲ ಖಾಸೀಮನ ಅಂಗಡಿಯಿಂದಲೇ ಹೋಗುತ್ತಿತ್ತು.

"ಮೊದಲನೇದಕ್ಕ ಶ್ರೀನಿಧಿವರ್ಧನ ಅಂತ ಇಟ್ಟಿದ್ರಂತ. ಎರಡನೇದಕ್ಕ ಆನಂದಲಕ್ಷ್ಮಿ," ಎಂದ ಖಾಸೀಮ, ಆಚಾರ್ರು ಬರುವ ಮುನ್ನ. "ಹೆಸರಿಟ್ಟೋರು ಇವ್ರೇ. ಈಗೂ ಆರಸಾಕ ಹತ್ಯಾರ. ಪಾಪ ಆ ಹುಡುಗಿ. ಅಂಗಡಿಗೆ ಬಂದ್ರ ಬಾಯಿ ಬಿಡಂಗಿಲ್ಲ, ಬರೇ ಸೀಸೆ ಮುಟ್ಟಿ ಮುಟ್ಟಿ ನೋಡ್ತಾಳ."

ರಾತ್ರಿ ಊಟಕ್ಕೆ ಕೂತಾಗ ಗಂಗಮ್ಮನಿಗೆ ಹೇಳಿದೆ. ಅವಳು ಕುರುಗೋಡಿನವಳು, ಮಾತು ನೇರ.

"ತೌಡಿಗೆ ಮಾರ್ಲಿ," ಎಂದಳು. "ನಮ್ಮ ಕುರುಗೋಡಾಗ ಮನಿಗೊಬ್ಬ ತೌಡಪ್ಪ ಅದಾನ. ಬ್ಯಾರೆ ಮನಿಯೋರು ಸೇರು ತೌಡು ಕೊಟ್ಟು ಕೊಳ್ಳದು, ಹೆಸರಿಟ್ಟು ತಿರುಗಿ ಸಾಕಾಕ ಕೊಡದು. ಕೂಸು ಅವರದಲ್ಲ ಅಂದಮ್ಯಾಲ ಕಾಡೋ ಸಾವು ಅವರ ಮನಿ ಬಾಗ್ಲಿಗೆ ಬಂದು ಏನು ಒಯ್ತೈತಿ? ನಾವ ಕೊಳ್ಳೋಣು. ಕೇಳ್ರಿ."

ಕೇಳಿದೆ. ಮುಂದಿನ ಭಾನುವಾರ, ಉಳಿದಿಬ್ಬರು ಬರುವ ಮೊದಲು, ಅವರು ಕುರ್ಚಿಗೆ ಪೇಪರು ಹಾಸುತ್ತಿದ್ದಾಗ. ಎಷ್ಟು ಮೆತ್ತಗೆ ಹೇಳಲಿಕ್ಕೆ ಬರುತ್ತದೋ ಅಷ್ಟು ಮೆತ್ತಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ತಿಪ್ಪಣ್ಣ, ನಾವು ಓದಿದ ಮಂದಿ. ಆ ಕೂಸುಗಳಿಗೆ ಏನಾಗಿತ್ತು ಅಂತ ಡಾಕ್ಟ್ರು ಹೇಳ್ಯಾರ. ತೌಡು ದನಕ್ಕ ಹಾಕೋದು. ಮೊಮ್ಮಕ್ಕಳಿಗಲ್ಲ."

"ನನ್ನೂ ತಿಪ್ಪಿ ಮ್ಯಾಲ ಹಾಕಿದ್ರು ರಿ. ಉಳದೀನಿ."

"ನೀವು ಉಳದದ್ದು ಸಿರುಗುಪ್ಪದ ಅಕ್ಕಿ ಉಂಡು," ಎಂದರು.

ಮಾತಿಗೆ ಅವರಿಗೆ ಎಂದೂ ಕೊರತೆಯಿರಲಿಲ್ಲ. ನನ್ನ ಮೈ ಉರಿಯಿತು. ಹೆಡ್‌ಮಾಸ್ತರರ ಮುಂದೆ ಕೆಸರುಗಾಲಲ್ಲಿ ನಿಂತಿದ್ದ ನಮ್ಮವ್ವ ಕಣ್ಣಿಗೆ ಬಂದಳು. ಅಂದು ಉಳಿದಿಬ್ಬರು ಬಂದ ಮೇಲೆ ಆಟದಲ್ಲಿ ನನಗೆ ಹೊಸ ಅರೆಯಾಳು ಬೇಕಿತ್ತು. ಅವರು ಪುಸ್ತಕ ತಿರುವಲಿಕ್ಕೆ ಹತ್ತಿದರು.

"ತಡೀರಿ," ಎಂದೆ. "ನನ್ನವನ ಹೆಸರು ತಿಪ್ಪ."

"ಅದು ಹೆಸರಲ್ಲ."

"ನನ್ನ ಸಾಕಿದ ಹೆಸರ್ರಿ ಅದು."

"ಅರೆಯಾಳಿಗೆ ಹೊಂದೋದಿಲ್ಲ. ಪದ್ಧತಿ..."

"ಊಟಕ್ಕ ಕರದು ನೋಡೋಣು?" ಎಂದು ನಾನೇ ಮಾಳಿಗೆಯ ಅಂಚಿಗೆ ಹೋಗಿ, "ತಿಪ್ಪಾ! ಉಣ್ಣಾಕ ಬಾರಲೇ!" ಎಂದು ಕೂಗಿದೆ. ಕೆಳಗಿನಿಂದ ಗಂಗಮ್ಮ, "ಯಾರನ್ನ ಕರೀತೀರಿ, ನೀವ ಬರ್ರಿ!" ಎಂದಳು. ಖಾಸೀಮ ಚಪ್ಪಾಳೆ ತಟ್ಟಿದ. ಅವರ ಪರೀಕ್ಷೆಯಲ್ಲಿ ಅವರೆದುರಿಗೇ ಪಾಸಾದ ಹೆಸರು. ಆಚಾರ್ರು ಪುಸ್ತಕ ಮುಚ್ಚಿದರು.

ನಂಬುವವರು ನಂಬಲಿ, ತಿಪ್ಪ ಸಾಯಲಿಲ್ಲ. ಸೇತುವೆ ಮುರಿದು ರಾಡ್ರಿಕ್ ಹನಿಬ್ಯಾರೆಲ್ ಪ್ರಪಾತಕ್ಕೆ ಬಿದ್ದರೆ ತಿಪ್ಪ ಹಗ್ಗ ಹಿಡಿದು ಜೋತಾಡಿದ. ಹೆಬ್ಬಾವು ಉಳಿದಿಬ್ಬರನ್ನು ನುಂಗಿದರೆ ತಿಪ್ಪನ ವಾಸನೆಗೆ ಮುಖ ತಿರುವಿತು. ಇದನ್ನು ನೋಡಿ ಉಳಿದವರೂ ಕಲಿತರು. ಬಸವರಾಜನ ಹೊಸ ಅರೆಯಾಳು ತೌಡಪ್ಪ ಮೆಣಸಿನಕಾಯಿ. ಖಾಸೀಮನವನು ಕಸಬರಿಗಿ ಮಿಯಾ. ಇಂಗ್ಲಿಷಿನವನ ಗವಿಯಲ್ಲಿ ನಮ್ಮ ತಿಪ್ಪೆಯ ಮಂದಿಯೇ ತುಂಬಿಕೊಂಡು, ದಾಳ ಉರುಳಿದಾಗಲೆಲ್ಲ ಬದುಕುತ್ತ ಹೋದರು. ನಾವು ಆಟದಲ್ಲೂ ನಮ್ಮ ಮನೆಯ ಬುದ್ಧಿಯನ್ನೇ ಓಡಿಸಿದ್ದೆವು. ಯಾವ ಊರಿನವರಾದರೂ ಕೇಳಿದರೆ ನಗುತ್ತಾರೆ.

"ಇದು ನಿಮ್ಮ ಓರೆ ದಾಳದ ಕೆಲಸ," ಎಂದರು ಆಚಾರ್ರು. ಮುಖ ಕೆಂಪಾಗಿತ್ತು.

"ಅದ ಓರಿ ದಾಳದಾಗ ನಿಮ್ಮ ಹನಿಬ್ಯಾರೆಲ್ ಸತ್ತನಲ್ರಿ?" ಎಂದೆ.

"ಏಮಯ್ಯಾ, ಅವನಿಗೂ ಒಂದು ಮುಷ್ಟಿ ತೌಡು ಕೊಟ್ಟಿದ್ರ ಉಳೀತಿದ್ದ," ಎಂದು ಖಾಸೀಮ ನಕ್ಕ. ನಗೆಯ ಭರದಲ್ಲಿ ಬಂದ ಮಾತು. ಹೇಳಿದವನೇ ನಾಲಿಗೆ ಕಚ್ಚಿಕೊಂಡ.

ಆಚಾರ್ರು ಎದ್ದರು. ದಾಳಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿದರು, ರಟ್ಟು ಮಡಿಚಿದರು, ಕುರ್ಚಿಯ ಮೇಲಿನ ಪೇಪರನ್ನೂ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದರು. ಅಂದು ಮಿರ್ಚಿ ಒಯ್ಯಲಿಲ್ಲ. ಮುಂದೆ ಹಲವು ಭಾನುವಾರ ಬರಲೂ ಇಲ್ಲ.

ಆ ನಡುವೆ ಮಗಳಿಗೆ ಹೆಣ್ಣು ಹುಟ್ಟಿತು. ಹುಟ್ಟಿದ ವಾರ ಕಳೆಯುವುದರೊಳಗೆ ಹಾಲು ಕುಡಿಯುವುದು ಬಿಟ್ಟಿತು, ಆಸ್ಪತ್ರೆಗೆ ಹಾಕಿದರು, ಮನೆಗೆ ತಂದರು, ತಿರುಗಿ ಆಸ್ಪತ್ರೆಗೆ ಹಾಕಿದರು. ಖಾಸೀಮ ದಿನವೂ ಸುದ್ದಿ ತರುತ್ತಿದ್ದ. ಗಂಗಮ್ಮ ಕೇಳುತ್ತಿದ್ದಳು, ನಾನು ಕೇಳದವನ ಹಾಗೆ ಇರುತ್ತಿದ್ದೆ.

ಹಾಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಅಂಗಡಿಯ ಮುಂದೆ ಜಟಕಾ ನಿಂತಿತು. ಆಚಾರ್ರು ಇಳಿದರು. ಕಂಕುಳಲ್ಲಿ ಅದೇ ಪೆಟ್ಟಿಗೆ. ಹಿಂದೆ ಮಗಳು, ತೆಳ್ಳಗೆ, ಬಿಳಿಚಿಕೊಂಡವಳು, ಎದೆಗೆ ಒಂದು ಬಟ್ಟೆಯ ಗಂಟು. ಮಾಳಿಗೆ ಹತ್ತಲಿಲ್ಲ. ನೇರ ನನ್ನ ಮನೆಯ ಪಡಸಾಲೆಗೆ ಬಂದರು.

"ಆಟ ಆಡೋಣ," ಎಂದರು.

ಹುಚ್ಚು ಹಿಡಿಯಿತೇನೋ ಎಂದುಕೊಂಡೆ. ಅವರು ನೆಲದ ಮೇಲೆ ಕೂತರು. ಪೇಪರು ಹಾಸಲಿಲ್ಲ. ಪೆಟ್ಟಿಗೆ ತೆರೆದು ರಟ್ಟು ನಿಲ್ಲಿಸಿಕೊಂಡು ಅದರ ಹಿಂದೆ ಮುಖ ಇಟ್ಟರು. ಮಗಳು ಬಾಗಿಲಲ್ಲೇ ನಿಂತಿದ್ದಳು. ರಟ್ಟಿನ ಹಿಂದಿನಿಂದ ದನಿ ಬಂತು, ಕಥೆ ಹೇಳುವ ಅದೇ ತಗ್ಗಿದ ದನಿ.

"ಊರ ಹೊರಗ ಒಂದು ಮನಿ ಅದ. ಬಾಗಲಿಗೆ ಒಬ್ಬ ಮುದುಕ ಬಂದಾನ. ಅವನ ಹತ್ರ ಒಂದು ಅರೆಯಾಳು ಅದ. ಭಾಳ ಸಣ್ಣದು. ಮಾರ್ತೀನಿ ಅಂತಾನ. ನೀವು ಏನು ಮಾಡ್ತೀರಿ?"

ನನಗೆ ಕರುಣೆ ಬರಬೇಕಿತ್ತು ಎಂದು ಓದುವವರು ಎಂದುಕೊಳ್ಳಬಹುದು. ಬರಲಿಲ್ಲ. ಬಂದದ್ದು ಸಿಟ್ಟು. ಮೊಮ್ಮಗುವಿನ ಉಸಿರು ಹೋಗುತ್ತಿರುವಾಗಲೂ ಈ ಮನುಷ್ಯನಿಗೆ ರಟ್ಟು ಬೇಕು! ನೇರವಾಗಿ ಮುಖ ನೋಡಿ, 'ತಿಪ್ಪಣ್ಣ, ಕೊಳ್ಳಪ್ಪ' ಎನ್ನಲಿಕ್ಕೆ ಆಗದು.

"ಆ ಮುದುಕಗ ಬಾಯಿಲ್ಲೇನ್ರಿ?" ಎಂದೆ. "ನೇರ ಕೇಳ್ಲಿ."

ರಟ್ಟು ಸ್ವಲ್ಪ ಅಲುಗಿತು.

"ಅವನಿಗೆ ಹಾಗ ಕೇಳಲಿಕ್ಕೆ ಬರೋದಿಲ್ಲ," ಎಂದಿತು ದನಿ. "ಕಲ್ತಿಲ್ಲ."

ನಾನು ಇನ್ನೂ ಏನಾದರೂ ಅನ್ನುತ್ತಿದ್ದೆ. ಅಷ್ಟರಲ್ಲಿ ಗಂಗಮ್ಮ ಒಳಗಿನಿಂದ ಬಂದಳು. ಒಂದು ಕೈಯಲ್ಲಿ ಮೊರ, ಒಂದು ಕೈಯಲ್ಲಿ ಸೇರಿನ ತುಂಬ ತೌಡು. ನನ್ನ ಅಂಗಡಿಗೆ ಸಿರುಗುಪ್ಪದ ಮಿಲ್ಲಿನವರು ಬಂದು ಹೋಗುವುದರಿಂದ ನಮ್ಮ ಎಮ್ಮೆಗೆ ತೌಡಿನ ಚೀಲ ಸದಾ ಇರುತ್ತಿತ್ತು.

"ಬಾಣಂತಿ ಬಾಗ್ಲಾಗ ನಿಂತಾಳ, ನಿಮ್ದೇನ್ರಿ ಗಂಡಸ್ರದು ಆಟ?" ಎಂದು ನನ್ನನ್ನು ಗದರಿಸಿ, ಮಗಳ ಕಡೆ ತಿರುಗಿ, "ಬಾ ತಾಯಿ, ಒಳಗ ಬಾ. ಕೂಸಿನ ಇದ್ರಾಗ ಹಾಕು," ಎಂದಳು.

ಮಗಳು ಅಪ್ಪನನ್ನು ನೋಡಲೂ ಇಲ್ಲ. ಕೂಸನ್ನು ಮೊರದಲ್ಲಿ ಮಲಗಿಸಿದಳು. ಆಚಾರ್ರು ರಟ್ಟಿನ ಹಿಂದಿನಿಂದ ನನ್ನ ಹಿತ್ತಾಳೆಯ ದಾಳ ತೆಗೆದರು. 

"ಎಷ್ಟು ಬಿದ್ರ..." ಎಂದು ಶುರು ಮಾಡಿದರು.

"ಅದನ್ನ ಅತ್ಲಾಗ ಇಡ್ರಿ ಸ್ವಾಮೇರ," ಎಂದಳು ಗಂಗಮ್ಮ. "ಇದಕ್ಕ ದಾಳ ಬ್ಯಾಡ. ಉಡಿ ಒಡ್ಡ್ರಿ."

ಅವರು ಉಟ್ಟ ಪಂಚೆಯ ಚುಂಗನ್ನು ಒಡ್ಡಿದರು. ಇಸ್ತ್ರಿ ಮಾಡಿದ ಬಿಳಿ ಪಂಚೆಗೆ ಗಂಗಮ್ಮ ಸೇರು ತೌಡು ಸುರಿದಳು. ದನಕ್ಕೆ ಹಾಕುವ ತೌಡು. ನಾನು ಮೊರ ಎತ್ತಿಕೊಂಡೆ. ಕೂಸಿಗೆ ತೂಕವೇ ಇರಲಿಲ್ಲ. ಕಣ್ಣು ಬಿಟ್ಟು ನನ್ನನ್ನು ನೋಡಿತೋ, ಛಾವಣಿಯನ್ನು ನೋಡಿತೋ.

"ಕೊಂಡೀವ್ರಿ," ಎಂದೆ. "ಇನ್ನ ಇದು ನಮ್ಮ ಕೂಸು. ನಿಮ್ಮ ಮನ್ಯಾಗ ಬೆಳೀಲಿ, ಸಾಕಾಕ ಕೊಟ್ಟೀನಿ."

"ಹೆಸರು?" ಎಂದರು ಆಚಾರ್ರು.

"ತೌಡವ್ವ."

"ಎರಡು ಭಾಗ ಇರಬೇಕು." ಪದ್ಧತಿ! ಆ ಹೊತ್ತಿನಲ್ಲೂ! "ಮನ್ತನದ್ದು?"

"ಲೇತಿನವ್ರು."

ಅವರ ಬಲಗೈ ತಾನಾಗಿಯೇ ಬೊಗಸೆಯಾಯಿತು. ಬೆರಳಿಗೆಲ್ಲ ತೌಡು ಮೆತ್ತಿತ್ತು. ಮೇಲೆ ಕೆಳಗೆ ತೂಗಿದರು, ಒಂದು ಸಲ, ಇನ್ನೊಂದು ಸಲ.

"ಹಗುರ ಅದ," ಎಂದರು. ಆಮೇಲೆ ಕೈ ಇಳಿಸಿ, "ಇರ್ಲಿ. ಹಗುರನ ಇರ್ಲಿ."

ಹೋಗುವ ಮುಂದೆ ಗಂಗಮ್ಮ ಬಾಣಂತಿಗೆ ಹಾಲು ಕೊಟ್ಟಳು, ಅವಳು ಕುಡಿದಳು. ಆಚಾರ್ರಿಗೆ ಚಹಾ ಕೊಟ್ಟಳು. "ನನಗ ಅಭ್ಯಾಸ ಇಲ್ಲ" ಎಂದು, ಜಟಕಾದಲ್ಲಿಟ್ಟಿದ್ದ ಫ್ಲಾಸ್ಕು ತರಿಸಿ ತಮ್ಮ ಕಾಫಿಯನ್ನೇ ಕುಡಿದರು. ಮೊಮ್ಮಗಳನ್ನು ನನಗೆ ಮಾರಿದ ಮನುಷ್ಯನಿಗೆ ನನ್ನ ಮನೆಯ ಚಹಾ ಆಗಲಿಲ್ಲ. ನಾನು ಅವರನ್ನು ಇದೊಂದಕ್ಕೆ ಎಂದೂ ಮಾಫಿ ಮಾಡಿಲ್ಲ.

ಕೂಸು ಚೇತರಿಸಿಕೊಂಡಿತು. ಡಾಕ್ಟರು ಔಷಧಿ ಬದಲಿಸಿದ್ದರಿಂದ ಎಂದು ಅವರು ಬ್ಯಾಂಕಿನಲ್ಲೆಲ್ಲ ಹೇಳಿದರು. ಇರಬಹುದು, ನಾನೇನು ಡಾಕ್ಟರಲ್ಲ. ಆಮೇಲೆ ಬ್ರಾಹ್ಮಣರನ್ನು ಕರೆಸಿ, ಉಸಿರು ಹಿಡಿದು ಹೇಳಬೇಕಾದಷ್ಟು ಉದ್ದದ ಹೆಸರೊಂದನ್ನು ನಾಮಕರಣ ಮಾಡಿದರು. ನಮಗೆ ಕರೆ ಬರಲಿಲ್ಲ. ಮಗಳು ಕೂಸಿನೊಂದಿಗೆ ತವರಿನಲ್ಲೇ ಉಳಿದಳು, ಅಳಿಯನೇ ಆದವಾನಿಯಿಂದ ಬಂದು ಹೋಗುವನು. ದೀಪಾವಳಿಗೆ ಗಂಗಮ್ಮ ಕೂಸಿಗೆ ಲಂಗದ ಬಟ್ಟೆ ಒಯ್ದು ಜಗಲಿಯಲ್ಲೇ ಕೊಟ್ಟು ಬರುವಳು. ಕೊಂಡ ಮನೆಯವರು ವರ್ಷಕ್ಕೊಮ್ಮೆ ಬಟ್ಟೆ ಕೊಡಬೇಕು, ಅದು ಪದ್ಧತಿ, ನಮ್ಮ ಪದ್ಧತಿ. ದಾರಿಯಲ್ಲಿ ಸಿಕ್ಕರೆ ಆಚಾರ್ರು ಕೊಡೆಯನ್ನು ಸ್ವಲ್ಪ ನನ್ನ ಕಡೆಗೆ ವಾಲಿಸಿಕೊಂಡು ಹೋಗುತ್ತಿದ್ದರು. ನನಗೆ ಬಿಸಿಲು ತಾಗದಿರಲಿ ಎಂದಲ್ಲ, ನನ್ನ ಮುಖ ಕಾಣದಿರಲಿ ಎಂದು. ಆಟ ಮತ್ತೆ ಆಗಲಿಲ್ಲ. ತಿಪ್ಪ, ತೌಡಪ್ಪ, ಕಸಬರಿಗಿ ಮಿಯಾ ಆ ಗವಿಯಲ್ಲೇ ಎಲ್ಲೋ ಇನ್ನೂ ಬದುಕಿರಬೇಕು.

ಅವರು ತೀರಿಕೊಂಡ ದಿನ ನಾವು ಮೂವರೂ ಹೋದೆವು. ಎಂದಿನಂತೆ ಜಗಲಿಯ ಕೆಳಗೆ ನಿಂತೆವು. ಬ್ಯಾಂಕಿನವರು ಒಳಗೆ ಹೋಗಿ ಬರುತ್ತಿದ್ದರು. ಸ್ವಲ್ಪ ಹೊತ್ತಿಗೆ ಮಗಳು ಹೊರಗೆ ಬಂದಳು, ಕೈ ಹಿಡಿದುಕೊಂಡು ಒಂದು ಹುಡುಗಿ, ಮೂರು ದಾಟಿದ್ದು, ಗುಂಡಗೆ, ಮೂಗು ಸುರಿಸುತ್ತ.

"ಅಪ್ಪಗ ಹೋದ ತಿಂಗಳಿಂದ ಮಾತು ಕಡಿಮಿ ಆಗಿತ್ತು ತಿಪ್ಪಣ್ಣನವರೇ," ಎಂದಳು. "ಆದ್ರೂ ಸಂಜಿಗೆ ಎದ್ದು ಬಾಗಲಿಗೆ ಬಂದು ಇಕಿನ್ನ ಊಟಕ್ಕ ಕರೀತಿದ್ರು. ಮನ್ಯಾಗ ಎಲ್ಲಾದಕ್ಕೂ ಆ ಉದ್ದ ಹೆಸರು. ಊಟಕ್ಕ ಮಾತ್ರ ಒಂದು ದಿನಾನೂ ಆ ಹೆಸರಿಂದ ಕರೀಲಿಲ್ಲ. ಇಡೀ ಓಣಿಗೆ ಕೇಳೋ ಹಾಂಗ, 'ತೌಡವ್ವಾ, ಊಟಕ್ಕ ಬಾ' ಅಂತಿದ್ರು. ಓಣಿಯವ್ರು ನಕ್ರೂ ಬಿಡಲಿಲ್ಲ."

ನನ್ನ ಮುಂದೆ ಆ ಹೆಸರನ್ನು ಒಂದು ಸಲವೂ ಆಡದೆ ಹೋದರು. ಅಂಥ ಮನುಷ್ಯ.

ಮಗಳು ಒಳಗೆ ಹೋಗಿ ಬಂದು ಹಿತ್ತಾಳೆಯ ದಾಳವನ್ನು ನನ್ನ ಕೈಗೆ ಹಾಕಿದಳು. ಪೆಟ್ಟಿಗೆಯನ್ನು ಹಡಗಿನ ಮಾವ ತಿರುಗಿ ಒಯ್ದನಂತೆ, ಇದು ಅದರದ್ದಲ್ಲ ಎಂದು ಬಿಟ್ಟನಂತೆ. ಹುಡುಗಿ ಆ ದಾಳಕ್ಕಾಗಿ ಅತ್ತು ನನ್ನ ಹಿಂದೆಯೇ ಬಂತು. ಈಗ ವಾರಕ್ಕೊಮ್ಮೆಯಾದರೂ ಅದನ್ನು ಉರುಳಿಸಲಿಕ್ಕೆ ನಮ್ಮ ಮನೆಗೆ ಬರುತ್ತದೆ. ಹೊತ್ತು ಮುಳುಗಿದರೆ ಗಂಗಮ್ಮ ಬಾಗಿಲಲ್ಲಿ ನಿಂತು ಕರೆಯುತ್ತಾಳೆ. ಎಲ್ಲಿದ್ದರೂ ಓಡಿ ಬರುತ್ತದೆ.

ಇವತ್ತಿಗೆ ನನ್ನಲ್ಲಿರುವುದು ಇಷ್ಟು. ಲೇತು ಎರಡು. ಡ್ರಿಲ್ಲಿಂಗ್ ಮೆಷೀನು ಒಂದು. ಮಾಳಿಗೆಯ ಮನೆ ಒಂದು. ಎಮ್ಮೆ ಒಂದು. ಓರೆಯಾದ ಹಿತ್ತಾಳೆಯ ದಾಳ ಒಂದು. ಗಂಡುಮಕ್ಕಳು ಇಬ್ಬರು. ಹೆಣ್ಣುಮಕ್ಕಳು ಇಬ್ಬರು, ಹೆತ್ತದ್ದು ಒಂದು, ಕೊಂಡದ್ದು ಒಂದು.